ಹಳೆಯ ಆಟಲೋಕವನ್ನು ಪತ್ರಿಕೆ ಮತ್ತೆ ತಂದರೆ ಅಭಿಮಾನಿಗಳು ಯಾಕೆ ಸಿಟ್ಟಾಗುತ್ತಾರೆ?

ಅವರು ಕೇಳಿದ್ದು ಹಳೆಯ ಲೋಕ, ಸಿಕ್ಕಿದ್ದು ಅದೇ ಹೆಸರಿನ ಬೇರೆ ಲೋಕ. ಅದಕ್ಕೇ ಸಿಟ್ಟು.

ಆಟಗಾರರು ಕಲ್ಪಿತ ಲೋಕವೊಂದರ ಪಾತ್ರಗಳಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ‘ಡಾರ್ಕ್ ಸನ್’ ಎಂಬ ಲೋಕ ಒಳ್ಳೆಯ ಉದಾಹರಣೆ. 1991ರಲ್ಲಿ ಬಂದ ಈ ಮರುಭೂಮಿ ಲೋಕದಲ್ಲಿ ದೇವರುಗಳಿಲ್ಲ. ಕಬ್ಬಿಣ ಸಿಗುವುದೇ ಕಷ್ಟ, ನಾಣ್ಯಗಳನ್ನೂ ಸೆರಾಮಿಕ್‌ನಲ್ಲೇ ಮಾಡುತ್ತಾರೆ. ಮಾಟ ಮಾಡಿದರೆ ಸುತ್ತಲಿನ ಗಿಡಮರ ಒಣಗಿ ಬೂದಿಯಾಗಬಹುದು. ಧರ್ಮಯೋಧರಾದ ಪ್ಯಾಲಡಿನ್‌ಗಳಿಗಂತೂ ಇಲ್ಲಿ ಜಾಗವೇ ಇರಲಿಲ್ಲ. ಈ ‘ಇಲ್ಲ’ಗಳೇ ಆ ಲೋಕದ ರುಚಿ.

2004ರಲ್ಲಿ ಈ ಆಟಕ್ಕೆಂದೇ ಇದ್ದ ‘ಡ್ರ್ಯಾಗನ್’ ಮತ್ತು ‘ಡಂಜನ್’ ಪತ್ರಿಕೆಗಳು ಇದನ್ನು ಆಟದ ಮೂರನೇ ಆವೃತ್ತಿಯ ನಿಯಮಗಳಿಗೆ ಹೊಂದಿಸಿದವು. ಕಥೆ ಸುಮಾರು 300 ವರ್ಷ ಮುಂದೆ ಹೋಯಿತು. ಪ್ಯಾಲಡಿನ್‌ಗಳೂ ಬಂದರು! ಹಳಬರು ರೇಗಿದ್ದು ಸಹಜ ಅಲ್ವಾ?

ಅದಕ್ಕೂ ಮುಂಚೆ, 2002ರಲ್ಲಿ, ಹಡಗುಗಳು ಬಾಹ್ಯಾಕಾಶದಲ್ಲಿ ತೇಲುವ, ಇದೇ ಆಟದ ‘ಸ್ಪೆಲ್‌ಜಾಮರ್’ ಲೋಕಕ್ಕೂ ಹೀಗೇ ಆಗಿತ್ತು. ಲೋಕಗಳನ್ನು ಸುತ್ತುವರಿದ ಸ್ಫಟಿಕ ಗೋಳಗಳನ್ನು ಬಿಟ್ಟು, ಒಂದೇ ಸೌರಮಂಡಲದ ಕಥೆ ಕೊಟ್ಟರು.

ಸಂಪಾದಕರ ಕಷ್ಟವೂ ಇದೆ. ಪುಸ್ತಕ, ನಕ್ಷೆಗಳ ದೊಡ್ಡ ಪೆಟ್ಟಿಗೆಯಾಗಿ ಬರುತ್ತಿದ್ದ ಲೋಕವನ್ನು ಕೆಲವೇ ಪುಟಗಳಿಗೆ ಇಳಿಸಬೇಕು. ಹೊಸ ಓದುಗರು ಹೊಸ ನಿಯಮಪುಸ್ತಕದ ಎಲ್ಲ ಪಾತ್ರಗಳನ್ನೂ ಆಡಲು ಬಯಸುತ್ತಾರೆ. ಆದರೂ ನನ್ನ ಪ್ರಕಾರ ಪ್ಯಾಲಡಿನ್‌ಗಳನ್ನು ಸೇರಿಸಿದ್ದು ತಪ್ಪೇ. ನಿಯಮ ಬದಲಾದರೆ ಆಟಗಾರರು ಹೊಂದಿಕೊಳ್ಳುತ್ತಾರೆ, ಲೋಕದ ಸ್ವಭಾವವೇ ಬದಲಾದರೆ ಕಷ್ಟ.

ಬೈದವರಲ್ಲೂ ಎಷ್ಟೋ ಮಂದಿ ಆ ಸಂಚಿಕೆಗಳನ್ನು ಇಟ್ಟುಕೊಂಡು, ಬೇಕಾದ ರಾಕ್ಷಸರನ್ನಷ್ಟೇ ಎತ್ತಿಕೊಂಡು ಆಡುತ್ತಾರೆ ಅನ್ನಿ.