1880–90ರ ದಶಕದಲ್ಲಿ ಬ್ಯಾಲೆ ನರ್ತಕಿಯರ ಟುಟು ಲಂಗ ಮೊಣಕಾಲಿನವರೆಗೆ ಗಿಡ್ಡವಾಗಿದ್ದು ಯಾಕೆ?

ಕಾಲಿನ ಕೆಲಸ ಕಾಣಬೇಕಿತ್ತು, ಅದಕ್ಕೆ. 1832ರಲ್ಲಿ ಪ್ಯಾರಿಸ್‌ನಲ್ಲಿ ನರ್ತಕಿ ಮಾರಿ ಟಾಲ್ಯೋನಿ 'ಲಾ ಸಿಲ್ಫಿಡ್' ಬ್ಯಾಲೆಯಲ್ಲಿ ತೊಟ್ಟ ಲಂಗ ಮೀನಖಂಡದ ಕೆಳಗಿನವರೆಗೆ ಇಳಿದಿತ್ತು. ತೇಲುವ ಯಕ್ಷಿಣಿಯ ಪಾತ್ರಕ್ಕೆ ಅದೇ ಸರಿ. ಆದರೆ 1880ರ ದಶಕದಲ್ಲಿ ಇಟಲಿಯ ನರ್ತಕಿಯರು ಬೆರಳ ತುದಿಯ ಮೇಲೆ ನಿಂತು ಸುತ್ತುವ ಕಸರತ್ತನ್ನು ಯುರೋಪಿನ ರಂಗಗಳಿಗೆಲ್ಲ ಒಯ್ದರು. 1895ರಲ್ಲಿ ಅವರಲ್ಲೊಬ್ಬಳಾದ ಪಿಯೆರಿನಾ ಲೆನ್ಯಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಒಂದೇ ಕಾಲ ಮೇಲೆ 32 ಸುತ್ತು ಹಾಕಿದಳು. ಉದ್ದ ಲಂಗದಲ್ಲಿ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನೋಡುವವರಿಗೆ ಮೊಣಕಾಲೂ ಕಾಣುವುದಿಲ್ಲ.

ಗಿಡ್ಡ ಲಂಗ ಜೋತು ಬೀಳದೆ ಉಬ್ಬಿ ನಿಲ್ಲುತ್ತಿದ್ದುದು ಟಾರ್ಲಟನ್‌ನಿಂದ. ಇದು ಗಂಜಿ ಹಾಕಿ ಬಿರುಸಾಗಿಸಿದ, ಬಲೆಯಂಥ ತೆಳು ಹತ್ತಿ ಬಟ್ಟೆ. ಹಲವು ಪದರಗಳನ್ನು ಸೊಂಟದಲ್ಲಿ ನೆರಿಗೆ ಹಿಡಿದು ಹೊಲಿದರೆ ಕೆಳಗಿನ ಪದರ ಮೇಲಿನದನ್ನು ಎತ್ತಿ ಹಿಡಿಯುತ್ತದೆ. ಉದ್ದ ಕಡಿಮೆಯಾದಷ್ಟೂ ಅಂಚಿನ ಭಾರ ಕಡಿಮೆ, ಹಾಗಾಗಿ ಇನ್ನಷ್ಟು ಹೊರಚಾಚುತ್ತದೆ. ಬೆವರು, ತೇವ ತಗುಲಿದರೆ ಮಾತ್ರ ಗಂಜಿ ಮೆತ್ತಗಾಗಿ ಇಡೀ ಲಂಗ ಸೋತುಹೋಗುತ್ತದೆ. ಹಾಗಾಗಿ ಒಗೆದು ಮತ್ತೆ ತೊಡುವ ಉಡುಪಲ್ಲ ಅದು.

ಇನ್ನೊಂದು ಅಪಾಯ ಬೆಂಕಿ. 1862ರಲ್ಲಿ ಪ್ಯಾರಿಸ್‌ನ ಎಮ್ಮಾ ಲಿವ್ರಿಯ ಲಂಗ ರಂಗದ ಗ್ಯಾಸ್ ದೀಪಕ್ಕೆ ತಗುಲಿ ಹೊತ್ತಿಕೊಂಡಿತು, ಮರುವರ್ಷ ತೀರಿಕೊಂಡಳು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು. ಆದರೆ ಅದು ಮಾಸಲಾಗಿ, ಒರಟಾಗಿ ಕಾಣುತ್ತದೆಂದು ಅವಳೇ ಬೇಡವೆಂದಿದ್ದಳು.

ಅಂದಹಾಗೆ, ತಟ್ಟೆಯ ಹಾಗೆ ಅಡ್ಡಕ್ಕೆ ಚಪ್ಪಟೆಯಾಗಿ ನಿಲ್ಲುವ ಟುಟು ಆ ಕಾಲದ್ದಲ್ಲ, 20ನೇ ಶತಮಾನದ್ದು.