ಹಳ್ಳಿ ಗ್ರಂಥಾಲಯದವರಿಗೆ ರಾಷ್ಟ್ರೀಯ ಸಂಘದಲ್ಲೇನು ಕೆಲಸ?

ಪ್ರಶ್ನೆ: ನಾನು ಗ್ರಾಮ ಪಂಚಾಯತಿ ಅರಿವು ಕೇಂದ್ರದ, ಅಂದರೆ ಹಳ್ಳಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮದು ಒಂದೇ ಕೋಣೆ. ಸಂಜೆಯಾದರೆ ಮಕ್ಕಳು ಕಟ್ಟೆ ಮೇಲೂ ಕೂತು ಓದುತ್ತಾರೆ. ಗ್ರಂಥಪಾಲಕರ ರಾಷ್ಟ್ರೀಯ ಸಂಘಕ್ಕೆ ಸೇರು ಅಂತ ಗೆಳತಿ ಹೇಳುತ್ತಿದ್ದಾಳೆ. ಅಲ್ಲಿರುವವರಲ್ಲಿ ಕಾಲೇಜು, ವಿಶ್ವವಿದ್ಯಾಲಯದವರೇ ಜಾಸ್ತಿಯಂತೆ. ನಮ್ಮಂಥವರ ಮಾತು ಯಾರು ಕೇಳುತ್ತಾರೆ ಮೇಡಂ?
– ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಸೇರಿಕೊಳ್ಳಿ ತಂಗಿ. ನೀವು ಹೋಗದಿದ್ದರೆ ನಿಮ್ಮ ಮಾತನ್ನು ಇನ್ನೊಬ್ಬರು ಆಡುತ್ತಾರೆ, ಅದೂ ತಮಗೆ ತಿಳಿದಷ್ಟು.

ಕೆಲಸದಲ್ಲಿದ್ದಾಗ ನಾನು ಇಂಥದ್ದೇ ಒಂದು ಸಂಘದ ಸಮಿತಿಯಲ್ಲಿದ್ದೆ. ಗ್ರಂಥಾಲಯ ವಿಜ್ಞಾನದ ಪದವಿ ಇದ್ದವರಿಗಷ್ಟೇ ಮತ ಕೊಡೋಣ ಅಂತ ಒಮ್ಮೆ ಸಲಹೆ ಬಂತು. ಕೆಟ್ಟ ಉದ್ದೇಶವೇನಿರಲಿಲ್ಲ. ಆದರೆ ಹಳ್ಳಿಯಲ್ಲಿ ದಿನಾ ಬಾಗಿಲು ತೆಗೆಯುವವರು ಪಿಯುಸಿ ಓದಿದವರು ಅನ್ನುವುದು ಆ ಮೇಜಿನ ಸುತ್ತ ಯಾರಿಗೂ ಹೊಳೆದಿರಲಿಲ್ಲ. ನಾನು ಎದ್ದು ಹೇಳಿದೆ. ಸಲಹೆ ಅಲ್ಲಿಗೇ ನಿಂತಿತು. ನಿಮ್ಮ ಸಂಘದ ನಿಯಮ ಪದವಿ ಕೇಳಿದರೆ ಮೊದಲ ಪತ್ರ ಅದರ ಬಗ್ಗೆಯೇ ಬರೆಯಿರಿ.

ಹಳ್ಳಿಯ ಓದುಗರು ಈ ವೃತ್ತಿಗೆ ಹೊಸಬರೇನಲ್ಲ. 1931ರಲ್ಲೇ ಈಗಿನ ತಮಿಳುನಾಡಿನ ಮನ್ನಾರ್‌ಗುಡಿ ಸುತ್ತಮುತ್ತ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋಗುತ್ತಿತ್ತು. 1933ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿತು. ಮುಂದೆ ಅದರ ಅಧ್ಯಕ್ಷರಾದ ಎಸ್. ಆರ್. ರಂಗನಾಥನ್ ಗ್ರಂಥಾಲಯ ಕಾನೂನು ಬೇಕೆಂದು ಪಟ್ಟು ಹಿಡಿದವರು. ನಮ್ಮ ರಾಜ್ಯದಲ್ಲಿ ಆ ಕಾನೂನು 1965ರಲ್ಲಿ ಬಂತು. ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುವುದು ಅದರಿಂದಲೇ. 2019ರಲ್ಲಿ ನಿಮ್ಮ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಇಂಥ ದೊಡ್ಡ ಬದಲಾವಣೆ ಆಗುವಾಗ ವೃತ್ತಿ ಸಂಘದೊಳಗೆ ನಿಮ್ಮವರ ದನಿ ಇರಬೇಕಲ್ವಾ?

ಅಮೆರಿಕದ ಗ್ರಂಥಾಲಯ ಸಂಘದ ಕೌನ್ಸಿಲ್‌ಗೆ ಒಂದೊಂದು ರಾಜ್ಯದ ಸಂಘವೂ ಒಬ್ಬ ಪ್ರತಿನಿಧಿಯನ್ನು ಕಳಿಸುತ್ತದೆ. ಪುಟ್ಟ ವರ್ಮಾಂಟ್‌ಗೂ ಒಬ್ಬರು, ಕ್ಯಾಲಿಫೋರ್ನಿಯಾಗೂ ಒಬ್ಬರು. ಹಳ್ಳಿ ಮತ್ತು ಚಿಕ್ಕ ಗ್ರಂಥಾಲಯಗಳಿಗೆ ಅಂತಲೇ ಅಲ್ಲಿ 1982ರಿಂದ ಬೇರೆ ಸಂಘವೂ ಇದೆ. ನನಗೆ ಈ ದಾರಿ ಇಷ್ಟ: ಒಳಗೂ ಇರಬೇಕು, ನಮ್ಮದೇ ಗುಂಪೂ ಇರಬೇಕು.

ಆದರೆ ಒಬ್ಬರೇ ಹೋಗಬೇಡಿ. ನಿಮ್ಮ ತಾಲ್ಲೂಕಿನ ಮೇಲ್ವಿಚಾರಕರಿಗೆಲ್ಲ ಫೋನ್ ಮಾಡಿ. ಒಂದು ತಿಂಗಳ ಲೆಕ್ಕ ಬರೆದಿಡಲು ಹೇಳಿ: ಸಂಜೆ ಎಷ್ಟು ಮಕ್ಕಳು ಬಂದರು, ಯಾವ ಪುಸ್ತಕ ಕೇಳಿ ಸಿಗದೆ ವಾಪಸ್ ಹೋದರು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲ, ಗೌರವಧನ ಯಾವ ತಾರೀಖಿಗೆ ಬಂತು. ‘ನಮಗೆ ಕಷ್ಟ ಇದೆ’ ಅಂದರೆ ಸಭೆ ತಲೆ ಆಡಿಸುತ್ತದೆ ಅಷ್ಟೇ. ಇಡೀ ತಾಲ್ಲೂಕಿನ ಲೆಕ್ಕ ಮುಂದಿಟ್ಟರೆ ಅದನ್ನು ಟಿಪ್ಪಣಿಗೆ ಹಾಕಲೇಬೇಕು.

ಎರಡು ಬೇಡಿಕೆ ಮೊದಲೇ ಇಡಿ. ಸದಸ್ಯತ್ವದ ಶುಲ್ಕ ಗೌರವಧನಕ್ಕೆ ತಕ್ಕಂತಿರಲಿ. ಸಭೆಗೆ ಫೋನಿನಲ್ಲೇ ಸೇರಲು ಅವಕಾಶ ಇರಲಿ, ಯಾಕೆಂದರೆ ನೀವು ದಿಲ್ಲಿಗೆ ಹೊರಟರೆ ಇಲ್ಲಿ ಬೀಗ ತೆಗೆಯುವವರಿಲ್ಲ. ಇವೆರಡನ್ನೂ ಅರ್ಜಿಯ ಜೊತೆ ಬರವಣಿಗೆಯಲ್ಲೇ ಕೊಟ್ಟು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.