ಓದುಗರ ಪ್ರಶ್ನೋತ್ತರ: ಕಾಲೇಜು ಕುಸ್ತಿ ತಂಡ ಹಗುರ ತೂಕದಿಂದಲೇ ಏಳಲಿ

ಪ್ರಶ್ನೆ: ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಯೊಂದರ ನಿವಾಸಿ. ಕಿರಾಣಿ ಅಂಗಡಿ ನಡೆಸುತ್ತೇನೆ. ಸ್ವತಃ ಕಣಕ್ಕೆ ಇಳಿದವನಲ್ಲ. ಆದರೆ ಕುಸ್ತಿಯೆಂದರೆ ಚಿಕ್ಕಂದಿನಿಂದಲೂ ಪ್ರಾಣ. ನಮ್ಮ ಭಾಗದ ಕಾಲೇಜೊಂದರ ಕುಸ್ತಿ ತಂಡ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಸ್ಪರ್ಧೆಗಳಲ್ಲಿ ಹೆಸರು ಮಾಡಿತ್ತು. ದೈಹಿಕ ಶಿಕ್ಷಣ ನಿರ್ದೇಶಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಬಹುಕಾಲ ಯಾರೂ ಬರಲಿಲ್ಲ, ಹುಡುಗರು ಚದುರಿಹೋದರು, ಮ್ಯಾಟಿನ ತುಂಡುಗಳು ಇಂದಿಗೂ ಗೋದಾಮಿನಲ್ಲಿ ಒಂದರ ಮೇಲೊಂದು ಬಿದ್ದಿವೆ. ಈ ವರ್ಷ ಹೊಸ ಪ್ರಾಂಶುಪಾಲರು ತಂಡವನ್ನು ಮತ್ತೆ ಕಟ್ಟುವ ಮಾತಾಡಿದ್ದಾರೆ, ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದಾರೆ. ಆ ಹಣದಲ್ಲಿ ಕೊಲ್ಹಾಪುರದ ತಾಲೀಮಿನಿಂದ (ಗರಡಿಮನೆಯಿಂದ) ದೊಡ್ಡ ತೂಕದ ಒಬ್ಬ ಪೈಲವಾನನನ್ನು ಕರೆತಂದು ಪ್ರವೇಶ ಕೊಡಿಸಿದರೆ ಕಾಲೇಜಿನ ಹೆಸರು ಒಂದೇ ವರ್ಷದಲ್ಲಿ ಮೇಲೆ ಬರುತ್ತದೆ ಎಂಬುದು ಅನೇಕರ ಅಭಿಪ್ರಾಯ. ನನ್ನ ಮನಸ್ಸು ಮಾತ್ರ ಒಪ್ಪುತ್ತಿಲ್ಲ. ನಮ್ಮ ಊರುಗಳ ಹುಡುಗರೇ ಆ ಕಾಲೇಜಿನ ಹೆಸರಿನಲ್ಲಿ ಆಡುವುದನ್ನು ನೋಡಬೇಕೆಂಬ ಆಸೆ ನನ್ನದು. ಇದು ಆಗುವ ಮಾತೇ? ಎಲ್ಲಿಂದ ಆರಂಭಿಸಬೇಕು?
– ಓರ್ವ ಕುಸ್ತಿಪ್ರೇಮಿ, ಜತ್ತ ತಾಲ್ಲೂಕು

ಉತ್ತರ: ಖಂಡಿತ ಆಗುವ ಮಾತು, ಮತ್ತು ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ. ದೊಡ್ಡ ಪೈಲವಾನನನ್ನು ಕರೆತರುವ ಆಲೋಚನೆ ಜಾತ್ರೆಯ ಕಣದಿಂದ ಬಂದದ್ದು. ಜಾತ್ರೆಯಲ್ಲಿ ಕೊನೆಯ ಕುಸ್ತಿಗೇ ಎಲ್ಲಕ್ಕಿಂತ ದೊಡ್ಡ ಇನಾಮು. ಹಲಗೆಯ ಸದ್ದು, ಜನರ ಕೂಗು, ಪಟಗಾ (ರುಮಾಲು) ಸುತ್ತುವ ಗೌರವ ಎಲ್ಲವೂ ಆ ಒಂದು ಜೋಡಿಗಾಗಿ ಕಾದಿರುತ್ತವೆ. ಕಾಲೇಜು ಕುಸ್ತಿಯ ಲೆಕ್ಕವೇ ಬೇರೆ. ಈಗಿನ ಅಂತರರಾಷ್ಟ್ರೀಯ ಪಟ್ಟಿಯಂತೆ ಕಾಲನ್ನೂ ಹಿಡಿಯಬಹುದಾದ ಪುರುಷರ ಫ್ರೀಸ್ಟೈಲ್‌ನಲ್ಲಿ 57 ಕಿಲೋದಿಂದ 125 ಕಿಲೋವರೆಗೆ ಹತ್ತು ತೂಕಗಳಿವೆ, ಸೊಂಟದ ಕೆಳಗೆ ಹಿಡಿಯಬಾರದ ಗ್ರೀಕೋ-ರೋಮನ್‌ನಲ್ಲಿ 55ರಿಂದ 130ರವರೆಗೆ ಇನ್ನೂ ಹತ್ತು. ತಂಡದ ಅಂಕ ಎಣಿಸುವಾಗ 57 ಕಿಲೋದವನ ಚಿನ್ನಕ್ಕೂ 125 ಕಿಲೋದವನ ಚಿನ್ನಕ್ಕೂ ಬೆಲೆ ಒಂದೇ. ಕೂಡಿಸಿದ ಹಣವನ್ನೆಲ್ಲ ಒಬ್ಬನ ಮೇಲೆ ಸುರಿದು 57, 61, 65, 70 ಈ ನಾಲ್ಕು ತೂಕಗಳನ್ನು ಖಾಲಿ ಬಿಟ್ಟರೆ, ಸ್ಪರ್ಧೆ ಶುರುವಾಗುವ ಮೊದಲೇ ನಾಲ್ಕು ಪದಕಗಳ ಆಸೆ ಕೈಬಿಟ್ಟಂತೆ. ಬರದ ಸೀಮೆಯ ಹೊಲಗಳಲ್ಲಿ ದುಡಿದು ಬೆಳೆದ ನಿಮ್ಮ ಹದಿನೆಂಟರ ಹುಡುಗರು ಬಹುತೇಕ ಈ ತೂಕದವರೇ ಆಗಿರುತ್ತಾರೆ ಎಂಬುದನ್ನು ನೀವೇ ಬಲ್ಲಿರಿ.

ಇದಕ್ಕೆ ಸಾಕ್ಷಿ ನಿಮ್ಮ ಸುತ್ತಮುತ್ತಲ ನೆಲದಲ್ಲೇ ಇದೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ ಅವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 52 ಕಿಲೋ ತೂಕದಲ್ಲಿ ಆರನೆಯ ಸ್ಥಾನ ಪಡೆದರು. 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ತೂಕದಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಹೆಲ್ಸಿಂಕಿಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಆಗ ಆ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರ್ ಅವರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಅದೇ 57 ಕಿಲೋ ತೂಕದಲ್ಲಿ ರವಿ ದಹಿಯಾ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಅಮನ್ ಸೆಹ್ರಾವತ್ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚನ್ನೂ ಗೆದ್ದರು. ನಿಮ್ಮ ಕಾಲೇಜು ಯಾವ ತೂಕದಿಂದ ಆರಂಭಿಸಬೇಕು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ನನಗೆ ಬೇಕೆನಿಸುವುದಿಲ್ಲ.

ದೊಡ್ಡ ತೂಕದವರ ಬಗ್ಗೆ ನನಗೆ ಕಿಂಚಿತ್ತೂ ಅನಾದರವಿಲ್ಲ. 1959ರಲ್ಲಿ ರಾಷ್ಟ್ರಮಟ್ಟದ ಕುಸ್ತಿ ಬಿರುದು ಗೆದ್ದು ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಎಕ್ಸಂಬಾದಿಂದ ಕೊಲ್ಹಾಪುರಕ್ಕೆ ಹೋಗಿ ಬೆಳೆದವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಾರುತಿ ಮಾನೆಯವರು ನಿಮ್ಮದೇ ಸಾಂಗಲಿ ಜಿಲ್ಲೆಯ ಕವಠೆಪಿರಾಣದವರು. ಆದರೆ ಅಂಥವರು ಹತ್ತಾರು ಜೊತೆಗಾರರ ನಡುವೆ ದಿನಾಲೂ ಜೋರು (ಅಭ್ಯಾಸದ ಕುಸ್ತಿ) ಮಾಡಿ ಬೆಳೆದರು. ಹೊರಗಿನಿಂದ ಬಂದ 125 ಕಿಲೋದ ಹುಡುಗನಿಗೆ ನಿಮ್ಮ ಕಾಲೇಜಿನಲ್ಲಿ ಜೋಡಿ ಯಾರು? ಅವನು ಅಭ್ಯಾಸವನ್ನೆಲ್ಲ ಕೊಲ್ಹಾಪುರದಲ್ಲೇ ಮಾಡಿ, ಪರೀಕ್ಷೆಗೂ ಸ್ಪರ್ಧೆಗೂ ಮಾತ್ರ ಬಂದುಹೋಗುತ್ತಾನೆ. ಅವನು ಪದಕ ಗೆದ್ದರೂ ಕಾಲೇಜಿನಲ್ಲಿ ತಂಡ ಹುಟ್ಟುವುದಿಲ್ಲ. ಅದೇ ಹಣದಲ್ಲಿ 55ರಿಂದ 70 ಕಿಲೋ ಒಳಗಿನ ಹನ್ನೆರಡು ಹದಿನೈದು ಹುಡುಗರನ್ನು ಕೂಡಿಸಿದರೆ ಪ್ರತಿಯೊಬ್ಬನಿಗೂ ನಾಲ್ಕೈದು ಮಂದಿ ಸರಿಜೋಡಿಗಳು ಸಿಗುತ್ತಾರೆ, ಮತ್ತು ತಂಡವೆಂಬುದು ನಿಜವಾಗಿ ಆರಂಭವಾಗುವುದು ಅಲ್ಲಿಂದಲೇ.

ಎರಡನೆಯದು ತರಬೇತುದಾರರ ವಿಷಯ. ಇದರಲ್ಲಿ ಜಿಪುಣತನ ಸಲ್ಲದು. ವಾರಕ್ಕೊಮ್ಮೆ ಬಂದುಹೋಗುವ ಹೆಸರುವಾಸಿಗಿಂತ, ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ಮ್ಯಾಟಿನ ಪಕ್ಕದಲ್ಲಿ ನಿಲ್ಲುವ ಒಬ್ಬರು ಬೇಕು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ ತರಬೇತಿಯ ಡಿಪ್ಲೊಮಾ ಮಾಡಿದವರು ಸಿಕ್ಕರೆ ಒಳ್ಳೆಯದು. ಅವರ ಜೊತೆಗೆ ನಿಮ್ಮ ಹಳ್ಳಿಗಳ ತಾಲೀಮಿನಲ್ಲಿ ಕುಸ್ತಿ ಕಲಿಸುವ ಹಿರಿಯ ವಸ್ತಾದರೊಬ್ಬರಿಗೂ ಗೌರವದ ಸ್ಥಾನ ಇರಲಿ, ಏಕೆಂದರೆ ಯಾವ ಮನೆಯಲ್ಲಿ ಗಟ್ಟಿ ಹುಡುಗನಿದ್ದಾನೆ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಮಣ್ಣಿನಿಂದ ಮ್ಯಾಟಿಗೆ ಬರುವ ಹುಡುಗ ಎಲ್ಲಿ ಎಡವುತ್ತಾನೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಣ್ಣಿನ ಕಣದಲ್ಲಿ ಗೆರೆಯಿಲ್ಲ, ಗಡಿಯಾರದ ಅವಸರವೂ ಕಡಿಮೆ. ಎದುರಾಳಿಯ ಕತ್ತಿನ ಮೇಲೆ ಕೈಯಿಟ್ಟು ಒತ್ತುತ್ತ, ಹಿಂದೆ ಹಿಂದೆ ಸರಿಯುತ್ತ, ಅವನ ದಮ್ಮು ಕರಗುವವರೆಗೆ ಕಾಯಬಹುದು. ಕೊನೆಗೆ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ತೀರಿತು. ಮ್ಯಾಟಿನ ಮೇಲೆ ಕುಸ್ತಿ ನಡೆಯುವ ವೃತ್ತದ ವ್ಯಾಸ ಒಂಬತ್ತು ಮೀಟರ್ ಮಾತ್ರ. ಅದೇ ರೂಢಿಯಲ್ಲಿ ಹಿಂದೆ ಸರಿದವನ ಹಿಮ್ಮಡಿ ವೃತ್ತದ ಹೊರಗೆ ಬಿತ್ತೆಂದರೆ ಎದುರಾಳಿಗೆ ಒಂದು ಅಂಕ. ಮೂರು ಮೂರು ನಿಮಿಷಗಳ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ವಿರಾಮ, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕಗಳ ಅಂತರವಾದರೆ ಕುಸ್ತಿ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಬಲದಲ್ಲಿ ಮೇಲಾಗಿದ್ದ ಹುಡುಗ ಎರಡು ಬಾರಿ ಗೆರೆ ದಾಟಿ, ಒಮ್ಮೆ ಕಾಲಿಗೆ ಬಿದ್ದ ಪಟ್ಟಿನಲ್ಲಿ ಎರಡು ಅಂಕ ಕೊಟ್ಟು, ಸೋತದ್ದು ಹೇಗೆಂದು ತಿಳಿಯದೆ ಹೊರಗೆ ಬರುತ್ತಾನೆ. ಗೆರೆಯ ಅಂಚಿನಲ್ಲಿ ನಿಂತು ಒಳಕ್ಕೆ ತಿರುಗುವುದನ್ನೂ ಸೊಂಟ ತಗ್ಗಿಸಿ ನಿಲ್ಲುವುದನ್ನೂ ದಿನಾಲೂ ಮಾಡಿಸದೆ ಈ ದೋಷ ಹೋಗುವುದಿಲ್ಲ. ಆದ್ದರಿಂದ ಗೋದಾಮಿನಲ್ಲಿರುವ ಮ್ಯಾಟನ್ನು ಈ ವಾರವೇ ಹೊರಗೆ ತೆಗೆಸಿ, ಬಿಸಿಲಿಗೆ ಹಾಕಿ, ಹರಿದ ಹೊದಿಕೆ ಬದಲಾಯಿಸಿ ಹಾಸಬೇಕು. ನಿತ್ಯ ಕ್ರಿಮಿನಾಶಕದಿಂದ ಒರೆಸಬೇಕು, ಇಲ್ಲದಿದ್ದರೆ ಗಜಕರ್ಣ ಒಬ್ಬನಿಂದ ಇಡೀ ತಂಡಕ್ಕೆ ಹರಡುತ್ತದೆ.

ಖುರಾಕಿನ ಹೆಸರಿನಲ್ಲಿ ಬಾದಾಮಿ, ತುಪ್ಪವೆಂದು ಹೆದರುವ ಅಗತ್ಯವಿಲ್ಲ. ಕಠಿಣ ಅಭ್ಯಾಸ ಮಾಡುವವನಿಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕೆಂದು ಹಿಡಿದರೆ, 57 ಕಿಲೋದ ಹುಡುಗನಿಗೆ ದಿನಕ್ಕೆ ಸುಮಾರು 90 ಗ್ರಾಂ. ಒಂದು ಲೀಟರ್ ಹಾಲಿನಲ್ಲಿ ಸುಮಾರು 32 ಗ್ರಾಂ, ನಾಲ್ಕು ಮೊಟ್ಟೆಗಳಲ್ಲಿ 24, ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಸಿಗುತ್ತದೆ. ಉಳಿದದ್ದನ್ನು ಜೋಳದ ರೊಟ್ಟಿ, ಬೇಳೆ, ಮಡಿಕೆ ಕಾಳಿನ ಪಲ್ಯ ತುಂಬಿಕೊಡುತ್ತವೆ. ಹಳೆಯ ವಿದ್ಯಾರ್ಥಿಗಳ ಹಣ ಮೊದಲು ಹೋಗಬೇಕಾದದ್ದು ಈ ಹಾಲು ಮೊಟ್ಟೆಗೆ.

ಇನ್ನು ಹುಡುಗರು ಕಾಲೇಜಿಗೆ ಬರುವ ದಾರಿ. ನಿಮ್ಮ ತಾಲ್ಲೂಕಿನಲ್ಲಿ ಎರಡು ಕಡೆ ಸೋರಿಕೆಯಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರಲ್ಲಿ ಅನೇಕರು ವಿಜಯಪುರದ ಕಡೆಗೆ ಹೋಗುತ್ತಾರೆ, ಹೋದವರು ಅಲ್ಲಿನ ವಿಶ್ವವಿದ್ಯಾಲಯದ ಪರವಾಗಿಯೇ ಆಡಬೇಕಾಗುತ್ತದೆ. ಇನ್ನೊಂದು, ದಸರೆ ದೀಪಾವಳಿಯ ಹೊತ್ತಿಗೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮದ ನೀರಾವರಿ ಸೀಮೆಗೆ ಗುಳೆ ಹೋಗುತ್ತವೆ. ತಂದೆತಾಯಿಯ ಜೊತೆ ಮಗನೂ ಕೊಯ್ತ ಹಿಡಿದು ಹೊರಡುತ್ತಾನೆ, ಅಂತರ ಕಾಲೇಜು ಸ್ಪರ್ಧೆಗಳ ಹಂಗಾಮು ಕೈತಪ್ಪುತ್ತದೆ. ಆ ನಾಲ್ಕೈದು ತಿಂಗಳು ಹುಡುಗರಿಗೆ ವಸತಿಯನ್ನೂ ಎರಡು ಹೊತ್ತಿನ ಊಟವನ್ನೂ ಕಾಲೇಜು ಒದಗಿಸಿದರೆ ತಂಡ ಉಳಿಯುತ್ತದೆ. ಪ್ರಾಂಶುಪಾಲರು ಜೂನ್‌ಗೆ ಮೊದಲೇ ಹಳ್ಳಿಗಳಿಗೆ ಬಂದು ಪಾಲಕರೊಡನೆ ಕನ್ನಡದಲ್ಲಿ ಮಾತಾಡಲಿ. ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಗಳಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇ. 5ರಷ್ಟು ಮೀಸಲಾತಿ ಇದೆ ಎಂಬುದನ್ನೂ ತಿಳಿಸಲಿ. ಕಣದಲ್ಲಿ ತರಬೇತಿ ಮರಾಠಿಯಲ್ಲಿ ನಡೆದರೆ ತೊಂದರೆಯೇನಿಲ್ಲ, ಗಡಿಯ ಹುಡುಗರಿಗೆ ಎರಡೂ ಭಾಷೆ ಬರುತ್ತವೆ. ಆದರೆ ಮಗನನ್ನು ಕಳಿಸುವ ತಾಯಿಗೆ ಭರವಸೆ ಮೂಡುವುದು ತನ್ನ ಭಾಷೆಯಲ್ಲಿ ಕೇಳಿದಾಗ.

ಮೊದಲ ವರ್ಷ ಪದಕ ಕೇಳಬೇಡಿ; ಹಗುರ ತೂಕಗಳೆಲ್ಲದರಲ್ಲಿ ಕಾಲೇಜಿನ ಹುಡುಗ ಕಣಕ್ಕಿಳಿದನೇ ಎಂದು ಮಾತ್ರ ನೋಡಿ. ಮೂರು ವರ್ಷ ಒಟ್ಟಿಗೆ ಅಭ್ಯಾಸ ಮಾಡಿದ ತಂಡ ಶಿವಾಜಿ ವಿಶ್ವವಿದ್ಯಾಲಯದ ಸ್ಪರ್ಧೆಯಲ್ಲಿ ಎದ್ದು ಕಾಣುತ್ತದೆಂಬ ನಂಬಿಕೆ ನನಗಿದೆ. ಅಭಿಮಾನಿಯಾಗಿ ನೀವು ಮಾಡಬಹುದಾದ ಒಂದು ಕೆಲಸವುಂಟು: ನಿಮ್ಮೂರ ಜಾತ್ರಾ ಸಮಿತಿಯವರಲ್ಲಿ, ಕಾಲೇಜಿನ ಹಗುರ ತೂಕದ ಹುಡುಗರಿಗಾಗಿ ಎರಡು ಜೋಡಿ ಕುಸ್ತಿಗಳನ್ನು ಮೀಸಲಿಡುವಂತೆ ಕೇಳಿ.

ಪ್ರಶ್ನೆ: ನಾನು ಅಕ್ಕಲಕೋಟ ತಾಲ್ಲೂಕಿನ ಬಿ.ಎ. ವಿದ್ಯಾರ್ಥಿನಿ. ಅಣ್ಣ ತಾಲೀಮಿಗೆ ಹೋಗುತ್ತಾನೆ. ಅವನಿಂದ ನಾಲ್ಕಾರು ಪಟ್ಟು ಕಲಿತಿದ್ದೇನೆ. ನಮ್ಮ ಕಾಲೇಜು ಹೊಸದಾಗಿ ಕಟ್ಟುತ್ತಿರುವ ತಂಡದಲ್ಲಿ ಹುಡುಗಿಯರಿಗೆ ಜಾಗವಿಲ್ಲ ಎನ್ನುತ್ತಾರೆ. ನಾನೊಬ್ಬಳೇ ಏನು ಮಾಡಲಿ?

ಉತ್ತರ: ತಂಗಿ, ಒಬ್ಬಳೇ ಕೇಳಬೇಡಿ, ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ನಿಮ್ಮ ತೂಕಕ್ಕೆ ಹತ್ತಿರವಾದ ಒಬ್ಬ ಜೊತೆಗಾತಿ ಸಿಕ್ಕರೆ ಅಭ್ಯಾಸದ ದೊಡ್ಡ ಕಷ್ಟ ತೀರುತ್ತದೆ; ಕಬಡ್ಡಿ ಆಡುವ ಹುಡುಗಿಯರಲ್ಲಿ ಹುಡುಕಿದರೆ ಬೇಗ ಸಿಗುತ್ತಾರೆ, ಏಕೆಂದರೆ ಕಾಲು ಹಿಡಿಯುವ ಧೈರ್ಯ ಅವರಿಗೆ ಮೊದಲೇ ಇರುತ್ತದೆ. ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸ್‌ನಲ್ಲಿದೆ. ಸಾಕ್ಷಿ ಮಲಿಕ್ 2016ರಲ್ಲಿ ಕಂಚು ಗೆದ್ದರು. 2023ರಲ್ಲಿ ಸಾಂಗಲಿಯಲ್ಲಿ ಮೊದಲ ಬಾರಿಗೆ ನಡೆದ ಮಹಿಳಾ ಮಹಾರಾಷ್ಟ್ರ ಕೇಸರಿ ಕುಸ್ತಿ ಸ್ಪರ್ಧೆಯನ್ನು ಅದೇ ಜಿಲ್ಲೆಯ ಪ್ರತೀಕ್ಷಾ ಬಾಗಡಿ ಗೆದ್ದರು. ಇದನ್ನೆಲ್ಲ ಬರೆದು ಲಿಖಿತ ಮನವಿ ಕೊಡಿ. ಮನವಿಯಲ್ಲಿ ಮ್ಯಾಟಿನ ಮೇಲೆ ಪ್ರತ್ಯೇಕವಾದ ಒಂದು ಗಂಟೆ, ಬಟ್ಟೆ ಬದಲಾಯಿಸಲು ಬಾಗಿಲು ಭದ್ರವಾದ ಕೋಣೆ, ಸ್ಪರ್ಧೆಗೆ ಹೋಗುವಾಗ ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ, ಈ ಮೂರನ್ನು ಸ್ಪಷ್ಟವಾಗಿ ಕೇಳಿ. ಇವು ಯಾವ ಕಾಲೇಜಿಗೂ ಭಾರವಾಗುವ ಬೇಡಿಕೆಗಳಲ್ಲ. ತಂಡವನ್ನು ಹೊಸದಾಗಿ ಕಟ್ಟುವ ಹೊತ್ತಿನಲ್ಲೇ ಕೇಳುವುದು ಸುಲಭ, ಮುಂದೆ ಎಲ್ಲ ನಿಗದಿಯಾದ ಮೇಲೆ ಕಷ್ಟ.

ಪ್ರಶ್ನೆ: ನನ್ನ ತೂಕ 63 ಕಿಲೋ. ಕಾಲೇಜು ತಂಡದಲ್ಲಿ 57 ಕಿಲೋ ಜಾಗ ಖಾಲಿಯಿದೆ, ಆಯ್ಕೆಗೆ ಹತ್ತೇ ದಿನ ಉಳಿದಿವೆ. ಗೆಳೆಯರು ಪ್ಲಾಸ್ಟಿಕ್ ಉಡುಪು ತೊಟ್ಟು ಓಡು, ನೀರು ಬಿಡು ಎನ್ನುತ್ತಾರೆ. ಮಾಡಬಹುದೇ?
– ಓರ್ವ ವಿದ್ಯಾರ್ಥಿ, ದಕ್ಷಿಣ ಸೊಲ್ಲಾಪುರ

ಉತ್ತರ: ಮಾಡಬಾರದು. 1997ರ ಕೊನೆಯ ಎರಡು ತಿಂಗಳುಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಬೆವರು ಹರಿಸಿ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ಆ ಮೇಲೆ ಅಲ್ಲಿ ರಬ್ಬರ್ ಉಡುಪನ್ನೂ ಉಗಿಕೋಣೆಯನ್ನೂ ನಿಷೇಧಿಸಿದರು, ವಾರಕ್ಕೆ ದೇಹದ ತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಸಬಾರದೆಂಬ ಮಿತಿಯನ್ನೂ ತಂದರು. ನಿಮ್ಮ ತೂಕಕ್ಕೆ ಅದು ಒಂದು ಕಿಲೋಗಿಂತ ಕಡಿಮೆಯಾಗುತ್ತದೆ; ನೀವು ಹತ್ತು ದಿನದಲ್ಲಿ ಆರು ಕಿಲೋ ಎನ್ನುತ್ತಿದ್ದೀರಿ. ಈಗ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕುಸ್ತಿಯ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ, ಎರಡನೆಯ ದಿನ ಮತ್ತೆ ನೋಡುತ್ತಾರೆ. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ 50 ಕಿಲೋ ತೂಕದಲ್ಲಿ ಫೈನಲ್‌ವರೆಗೆ ಗೆದ್ದು ಬಂದು, ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದನ್ನು ನೀವು ನೋಡಿಯೇ ಇರುತ್ತೀರಿ. ವೈದ್ಯರು, ಆಹಾರತಜ್ಞರು ಜೊತೆಗಿದ್ದವರಿಗೇ ಅದು ಸಾಧ್ಯವಾಗಲಿಲ್ಲ. ಈ ಬಾರಿ 65 ಕಿಲೋದಲ್ಲಿ ನಿಲ್ಲಿ. ಕರಿದದ್ದು, ಸಿಹಿ ಬಿಟ್ಟು, ನೀರನ್ನು ಎಂದಿನಂತೆ ಕುಡಿಯುತ್ತ ನಿಧಾನವಾಗಿ ಇಳಿಸಿದರೆ ಮುಂದಿನ ವರ್ಷ 61 ಕಿಲೋಗೆ ಬರುವುದು ನಿಮಗೆ ಸರಿಯಾದೀತು. 57 ಕಿಲೋ ಜಾಗಕ್ಕೆ ಆ ತೂಕದ ಹುಡುಗನನ್ನು ಹುಡುಕುವುದು ತರಬೇತುದಾರರ ಹೊಣೆ, ಇದನ್ನು ಅವರಿಗೆ ವಿನಯದಿಂದ ಹೇಳಿ. ನಿಮ್ಮ ಪಕ್ಕದ ಹಳ್ಳಿಯ ತಾಲೀಮಿನಲ್ಲಿ ಅಂಥವನೊಬ್ಬ ಇದ್ದರೆ ಅವನ ಹೆಸರನ್ನೂ ತಿಳಿಸಿ.